ಶಾಕಪ್ಪಿನ ದೂರು ಬ್ರೇಕಿನ ದೂರೂ ಹೌದು

ತಿಳವಳ್ಳಿಯಿಂದ ಹಾನಗಲ್ಲಿಗೋ ಹಿರೇಕೆರೂರಿಗೋ ದಿನವೂ ಕಾರು ಓಡಿಸುವವರು ಗ್ಯಾರೇಜಿಗೆ ತರುವ ದೂರುಗಳಲ್ಲಿ ಎರಡು ಮುಖ್ಯ. ಹಂಪು ಇಳಿಯುವಾಗ ಮುಂದಿನ ಗಾಲಿಯಲ್ಲಿ ಕಟಕಟ ಸಪ್ಪಳ. ಬ್ರೇಕು ಹಿಡಿದರೆ ಗಾಡಿ ಒಂದು ಕಡೆ ಎಳೆಯುವುದು. ಮೊದಲನೆಯದನ್ನು ಮುಂದಿನ ಸರ್ವಿಸಿಗೆ ದೂಡುತ್ತಾರೆ, ಎರಡನೆಯದಕ್ಕೆ ಗಾಬರಿಯಾಗುತ್ತಾರೆ. ಹಲವು ಸಲ ಎರಡಕ್ಕೂ ಮೂಲ ಒಂದೇ. ಲೋವರ್ ಆರ್ಮಿನ ರಬ್ಬರ್ ಬುಷ್ ಹರಿದಿದ್ದರೆ ಹಂಪಿನ ಮೇಲೆ ಸಪ್ಪಳವಾಗುತ್ತದೆ. ಬ್ರೇಕು ಹಿಡಿದಾಗ ಅದೇ ಆರ್ಮು ಜರುಗಿ ಗಾಲಿಯ ದಿಕ್ಕು ಕೆಡುತ್ತದೆ.

ಬ್ರೇಕು ತಡೆಯುವುದು ಗಾಲಿಯ ತಿರುಗಾಟವನ್ನು. ಕಾರನ್ನು ನಿಲ್ಲಿಸುವುದು ಟಯರಿಗೂ ರಸ್ತೆಗೂ ಇರುವ ಹಿಡಿತ. ಗುಂಡಿಯ ಹೊಡೆತವನ್ನು ಸ್ಪ್ರಿಂಗು ತಾಳಿಕೊಳ್ಳುತ್ತದೆ ನಿಜ, ಆದರೆ ಒಮ್ಮೆ ಕುಗ್ಗಿದ ಮೇಲೆ ಅದು ಕುಣಿಯುತ್ತಲೇ ಇರುತ್ತದೆ. ಆ ಕುಣಿತ ಅಡಗಿಸುವುದೇ ಶಾಕಪ್ಪಿನ ಕೆಲಸ. ಎಣ್ಣೆ ತುಂಬಿದ ಕೊಳವೆಯಲ್ಲಿ ಸಣ್ಣ ತೂತುಗಳ ಪಿಸ್ಟನ್ ಆಡುತ್ತದೆ. ಎಣ್ಣೆ ಆ ತೂತುಗಳಲ್ಲಿ ನುಸುಳುವಾಗ ಕುಣಿತದ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಸೀಲು ಸವೆದು ಎಣ್ಣೆ ಸೋರಿತೆಂದರೆ ಗಾಲಿ ಜಿಗಿಯತೊಡಗುತ್ತದೆ, ಜಿಗಿದಷ್ಟು ಹೊತ್ತು ಹಿಡಿತ ಇರುವುದಿಲ್ಲ. ಪ್ಯಾಡು ಹೊಸದಾಗಿದ್ದರೂ ಕಾರು ನಾಲ್ಕು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಶಾಕಪ್ಪನ್ನು ಬರೀ ಕೂರುವವರ ಸುಖದ ಸಾಮಾನು ಎಂದು ತಿಳಿಯುವುದು ಅದಕ್ಕೇ ಅಪಾಯ.

ನಮ್ಮ ಸೀಮೆಯ ನೆಲವೂ ಇದರಲ್ಲಿ ಪಾಲುಗಾರ. ಸವಣೂರು ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಅಂಥ ರಸ್ತೆಯಲ್ಲಿ ಒಂದು ದೊಡ್ಡ ಗುಂಡಿಗಿಂತ ಎಡೆಬಿಡದ ಸಣ್ಣ ಏರಿಳಿತವೇ ಶಾಕಪ್ಪನ್ನು, ಬುಷ್ಷನ್ನು ಹೆಚ್ಚು ತಿನ್ನುತ್ತದೆ.

ಸುಗ್ಗಿಯಲ್ಲಿ ರಸ್ತೆ ಮೇಲೆ ಗೋವಿನಜೋಳ ಹರವಿರುತ್ತಾರೆ. ಅದರ ಮೇಲೆ ಬ್ರೇಕು ಹಿಡಿದಾಗ ಪೆಡಲು ಗಡಗಡ ನಡುಗಿದರೆ ಕೆಟ್ಟಿದೆ ಎಂದು ಕಾಲು ತೆಗೆಯಬೇಡಿ. ಅದು ಎಬಿಎಸ್, 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಗಾಲಿ ಕಚ್ಚಿಕೊಂಡು ಜಾರದಂತೆ ಅದು ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಪೆಡಲನ್ನು ಒತ್ತಿಯೇ ಹಿಡಿದು ಸ್ಟಿಯರಿಂಗ್ ತಿರುಗಿಸಬಹುದು. ಆದರೆ ಸಡಿಲ ಕಾಳಿನ ಮೇಲೆ ನಿಲ್ಲುವ ದೂರ ಹೆಚ್ಚೇ, ಆದ್ದರಿಂದ ಮೊದಲೇ ನಿಧಾನವಾಗಬೇಕು. ಒಣ ಡಾಂಬರಿನ ಮೇಲೆ ಮೆಲ್ಲಗೆ ಹಿಡಿದಾಗಲೂ ನಡುಗುತ್ತದೆಯೋ? ಹಾಗಿದ್ದರೆ ಡಿಸ್ಕು ತೋರಿಸಿ.

ಶಿರಸಿ ಮೇಲೆ ಗೋಕರ್ಣಕ್ಕೆ ಹೋಗುವವರು ದೇವಿಮನೆ ಘಟ್ಟ ಇಳಿಯುವ ಮುಂಚೆ ಬ್ರೇಕ್ ಆಯಿಲ್ ಎಷ್ಟು ಹಳೆಯದೆಂದು ವಿಚಾರಿಸಿಕೊಳ್ಳಿ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಸತತ ಬ್ರೇಕಿನ ಕಾವಿಗೆ ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲು ಮೆತ್ತಗಾಗಿ ತಳ ಮುಟ್ಟುತ್ತದೆ. ಎರಡನೆಯ ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ.

ಮಿಸ್ತ್ರಿ “ಎಲ್ಲಿ ಸಪ್ಪಳ ಬರತೈತ್ರೀ?” ಎಂದಾಗ “ಮುಂದ ಎಲ್ಲೋ ಬರತೈತಿ” ಎಂದರೆ ಸಾಲದು. ಎಡಗಾಲಿಯೋ ಬಲಗಾಲಿಯೋ, ಹಂಪು ಹತ್ತುವಾಗಲೋ ಇಳಿಯುವಾಗಲೋ, ಬ್ರೇಕು ಹಿಡಿದಾಗ ಮಾತ್ರವೋ ಎಂದು ಹೇಳಿ. ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಓಡಿಸಿದರೆ ಇನ್ನೂ ಒಳ್ಳೆಯದು. ಶೋರೂಮಿನಲ್ಲಾದರೆ ನೀವು ಹೇಳಿದ್ದು ಜಾಬ್ ಕಾರ್ಡಿನಲ್ಲಿ ಇದ್ದದ್ದು ಇದ್ದಂತೆ ದಾಖಲಾಗಬೇಕು. “ಜನರಲ್ ಚೆಕಪ್” ಎಂದಷ್ಟೇ ಬರೆದಿದ್ದರೆ ಸಹಿ ಹಾಕಬೇಡಿ.

ಹೊಸ ಕಾರಿನ ದೋಷ ಪದೇ ಪದೇ ಮರುಕಳಿಸಿದರೆ ಉಪಯೋಗಕ್ಕೆ ಬರುವುದು ಆ ಕಾರ್ಡುಗಳೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ತಿಳವಳ್ಳಿಯವರಿಗೆ ಹಾವೇರಿಯ ಜಿಲ್ಲಾ ಆಯೋಗ ಸಾಕು. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಅರ್ಜಿ ಹಾಕಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಅಲ್ಲಿಂದ 10 ಲಕ್ಷದವರೆಗೆ 200 ರೂಪಾಯಿ. ತಯಾರಿಕೆಯ ದೋಷ ತಪಾಸಣೆ ಇಲ್ಲದೆ ಗೊತ್ತಾಗದಿದ್ದರೆ ಆಯೋಗ ಪರೀಕ್ಷೆಗೆ ಕಳಿಸಬಲ್ಲದು. ಮೊದಲು ಸಲಹೆ ಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಮಾಡುವಾಗ ಜಾಬ್ ಕಾರ್ಡು, ಬಿಲ್ಲು, ಕಿಲೋಮೀಟರಿನ ಲೆಕ್ಕ ಕೈಯಲ್ಲಿರಲಿ.