ಚಿಕ್ಕ ಡಿಕ್ಕಿ, ದೊಡ್ಡ ತಕರಾರು

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಒಂದು ಕಾರಿನ ಮೂತಿ ಇನ್ನೊಂದರ ಬೆನ್ನಿಗೆ ತಾಗಿದ ಕೂಡಲೇ ಇಬ್ಬರು ಚಾಲಕರೂ ಕೆಳಗಿಳಿದು ಕೇಳುವುದು ಒಂದೇ ಪ್ರಶ್ನೆ: ತಪ್ಪು ಯಾರದು? ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ, ದಾರಿಹೋಕರು ಪಂಚಾಯಿತಿಗೆ ನಿಲ್ಲುತ್ತಾರೆ, ಕೊನೆಗೆ ದನಿ ಜೋರಿದ್ದವರ ಮಾತು ನಡೆಯುತ್ತದೆ. ಯಾರಿಗೂ ಗಾಯವಾಗದೆ ಕಾರಿಗಷ್ಟೇ ಪೆಟ್ಟಾಗಿದ್ದು, ಎರಡೂ ಕಾರಿಗೆ ಸಮಗ್ರ ವಿಮೆ ಇದ್ದರೆ, ಈ ಜಗಳ ಬಹುತೇಕ ವ್ಯರ್ಥ. ರಿಪೇರಿ ಹಣ ಬರುವುದಕ್ಕೂ ರಸ್ತೆಯಲ್ಲಿ ಗೆಲ್ಲುವುದಕ್ಕೂ ಸಂಬಂಧವೇ ಇಲ್ಲ.

ಸಮಗ್ರ ಪಾಲಿಸಿಯಲ್ಲಿ ಎರಡು ಭಾಗಗಳಿವೆ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಕಡ್ಡಾಯವಾದದ್ದು ಥರ್ಡ್ ಪಾರ್ಟಿ ವಿಮೆ. ನಮ್ಮ ವಾಹನದಿಂದ ಬೇರೆಯವರಿಗಾದ ನಷ್ಟವನ್ನು ಅದು ತುಂಬುತ್ತದೆ. ನಮ್ಮ ಕಾರಿನ ಹಾನಿಗೆ ಹಣ ಕೊಡುವುದು ಓನ್ ಡ್ಯಾಮೇಜ್ ಭಾಗ. ಚಾಲಕನಿಗೆ ಲೈಸೆನ್ಸ್ ಇತ್ತೇ, ಆತ ಕುಡಿದಿದ್ದನೇ, ಪಾಲಿಸಿ ಚಾಲ್ತಿಯಲ್ಲಿತ್ತೇ ಎಂದು ಕಂಪನಿ ಕೇಳುತ್ತದೆಯೇ ಹೊರತು, ತಪ್ಪು ನಿಮ್ಮದೋ ಎದುರಿನವರದೋ ಎಂಬ ಕಾರಣಕ್ಕೆ ಈ ಕ್ಲೇಮ್ ಬಿದ್ದುಹೋಗುವುದಿಲ್ಲ. ಭಾರತದ ವಿಮಾ ಕಂಪನಿಗಳು ತಮ್ಮೊಳಗೆ ‘ನಾಕ್ ಫಾರ್ ನಾಕ್’ ಎಂಬ ಒಪ್ಪಂದವನ್ನೂ ಮಾಡಿಕೊಂಡಿವೆ. ಅದರಂತೆ ಪ್ರತಿ ಕಂಪನಿ ತನ್ನ ಗ್ರಾಹಕನ ಕಾರಿನ ರಿಪೇರಿ ವೆಚ್ಚವನ್ನು ತಾನೇ ಭರಿಸುತ್ತದೆ. ಆ ಹಣಕ್ಕಾಗಿ ಇನ್ನೊಂದು ಕಂಪನಿಯ ಬೆನ್ನು ಹತ್ತುವುದಿಲ್ಲ. ಸಣ್ಣ ಮೊತ್ತಕ್ಕೆ ತಪ್ಪು ಅಳೆಯುತ್ತ ಕೂತರೆ ವಿಚಾರಣೆಯ ಖರ್ಚೇ ರಿಪೇರಿಗಿಂತ ಹೆಚ್ಚಾಗುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ತಪ್ಪು ಮಾಡಿದವರು ಬೇರೆ, ನಾನೇಕೆ ನನ್ನ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳಬೇಕು? ಈ ವ್ಯವಸ್ಥೆಯ ನಿಜವಾದ ಅನ್ಯಾಯ ಇದೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಕ್ಲೇಮ್ ಇಲ್ಲದ ವರ್ಷಗಳು ಕೂಡುತ್ತ ಹೋದಂತೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 20, 25, 35, 45, ಕೊನೆಗೆ 50ರ ರಿಯಾಯಿತಿ ಸಿಗುತ್ತದೆ. ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ. ರಿಯಾಯಿತಿಗೆ ಮುಂಚಿನ ಪ್ರೀಮಿಯಂ ವರ್ಷಕ್ಕೆ 8,000 ರೂಪಾಯಿ, ಅದು ಬದಲಾಗದು ಎಂದಿಟ್ಟುಕೊಳ್ಳಿ. ಶೇ. 50ರಲ್ಲಿದ್ದವರು ಮತ್ತೆ ಅಲ್ಲಿಗೆ ಏರುವ ಹೊತ್ತಿಗೆ ಕಳೆದುಕೊಳ್ಳುವುದು ಕ್ರಮವಾಗಿ 4,000, 2,400, 2,000, 1,200, 400. ಒಟ್ಟು 10,000 ರೂಪಾಯಿ. ಇದರ ಮೇಲೆ, 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ನಲ್ಲಿ ಮೊದಲ 1,000 ರೂಪಾಯಿ ನಮ್ಮದೇ. ಸವಕಳಿ ಕಳೆಯದೆ ಹಣ ಕೊಡುವ ‘ಝೀರೋ ಡೆಪ್’ ರಕ್ಷಣೆ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧ ಸವಕಳಿಗೆ ಹೋಗುತ್ತದೆ. ಬಂಪರ್ ಪ್ಲಾಸ್ಟಿಕ್ಕಿನದು ಎಂಬುದನ್ನು ಮರೆಯಬಾರದು. ಹಾಗಾಗಿ ಐದಾರು ಸಾವಿರದ ಗೀರಿಗೆ ಕ್ಲೇಮ್ ಮಾಡುವುದೇ ನಷ್ಟ. ಬಾಗಿಲು, ಬಾನೆಟ್ ನಜ್ಜುಗುಜ್ಜಾಗಿ ಬಿಲ್ ನಲವತ್ತು ಸಾವಿರ ಮುಟ್ಟಿದರೆ ಕ್ಲೇಮ್ ಮಾಡದಿರುವುದು ನಷ್ಟ.

ಹಾಗಿದ್ದರೆ ಅಲ್ಲೇ ಎರಡು ಸಾವಿರ ಇಸಿದುಕೊಂಡು ಮುಗಿಸುವುದು ಸಲೀಸಲ್ಲವೇ ಎನ್ನಬಹುದು. ಬರಿಯ ಗೀರಾದರೆ ಸರಿ. ಆದರೆ ಬಂಪರಿನ ಹಿಂದೆ ಮುರಿದ ಕ್ಲಿಪ್ಪು, ಕೆಟ್ಟ ಸೆನ್ಸರ್ ಗ್ಯಾರೇಜಿನಲ್ಲಿ ಬಿಚ್ಚಿದ ಮೇಲೆಯೇ ಕಾಣುವುದು. ಹಣ ಕೊಡುವವರಿಗಂತೂ ಅಪಾಯ ಇನ್ನೂ ಹೆಚ್ಚು: ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಪರಿಹಾರದ ಮಾತು ಕೊಡಬಾರದು, ಹಣವನ್ನೂ ಕೊಡಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಕೋಪ ತಣಿಸಲು ಆಡಿದ “ನನ್ನದೇ ತಪ್ಪು, ಎಲ್ಲ ಕೊಡ್ತೀನಿ” ಎಂಬ ಮಾತು ಮುಂದೆ ಆ ಪಾಲಿಸಿಯ ರಕ್ಷಣೆಗೇ ಕುತ್ತಾಗಬಹುದು. ಬೀದಿಯ ನ್ಯಾಯದಲ್ಲಿ ದೊಡ್ಡ ವಾಹನದ್ದೇ ತಪ್ಪು ಎಂಬ ಪೂರ್ವಗ್ರಹವೂ ಬಲವಾಗಿದೆ. ಅದಕ್ಕೆ ಕಾನೂನಿನಲ್ಲಿ ಆಧಾರವಿಲ್ಲ.

ತಪ್ಪು ಯಾರದೆಂಬುದಕ್ಕೆ ಎಂದೂ ಬೆಲೆಯಿಲ್ಲವೆಂದಲ್ಲ. ಯಾರಿಗಾದರೂ ಗಾಯವಾದರೆ, ಅಥವಾ ನಿಮ್ಮ ಬಳಿ ಬರೀ ಥರ್ಡ್ ಪಾರ್ಟಿ ವಿಮೆ ಇದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕಾದರೆ, ಬಹುಪಾಲು ನಿಂತಿರುವುದು ಅದರ ಮೇಲೆಯೇ. ಅಲ್ಲೂ ಗೆಲ್ಲುವುದು ದನಿಯಲ್ಲ, ಸಾಕ್ಷ್ಯ. ಮುಂದಿನ ವಾಹನ ಥಟ್ಟನೆ ನಿಂತರೂ ತಾಗದಷ್ಟು ಅಂತರ ಬಿಡಬೇಕು ಎಂದು 1989ರ ರಸ್ತೆ ನಿಯಮಗಳು ಹೇಳುತ್ತಿದ್ದವು. ಇದನ್ನೇ ಆಧರಿಸಿ ಸುಪ್ರೀಂ ಕೋರ್ಟ್ 2018ರಲ್ಲಿ, ಲಾರಿಯ ಹಿಂದೆ 10–15 ಅಡಿ ಅಂತರದಲ್ಲಿ ಹೋಗುತ್ತಿದ್ದ ಕಾರಿನ ಚಾಲಕನೇ ಹೊಣೆ ಎಂದಿತು. “ಮುಂದಿನವ ದಿಢೀರ್ ಬ್ರೇಕ್ ಹಾಕಿದ” ಎಂಬ ನಮ್ಮ ನೆಚ್ಚಿನ ಸಬೂಬು ಅಲ್ಲಿ ನಿಲ್ಲಲಿಲ್ಲ.

ಆದ್ದರಿಂದ ಡಿಕ್ಕಿಯಾದಾಗ ವಾದಕ್ಕಿಳಿಯದೆ, ಕಾರುಗಳು ನಿಂತ ಜಾಗ, ನಂಬರ್ ಪ್ಲೇಟ್, ಪೆಟ್ಟಿನ ಗುರುತುಗಳ ಫೋಟೊ ತೆಗೆದುಕೊಳ್ಳಿ. ಆಮೇಲೆ ವಾಹನವನ್ನು ಬದಿಗೆ ಹಾಕಿ, ಪಾಲಿಸಿ ವಿವರ ಪರಸ್ಪರ ಹಂಚಿಕೊಂಡು, ತಡಮಾಡದೆ ನಿಮ್ಮ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮುನ್ನ ರಿಪೇರಿ ಮಾಡಿಸಬೇಡಿ. ಕಂಪನಿ ಹಣ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಅಲ್ಲೂ ಪರಿಹಾರ ಸಿಗದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಬೆಂಗಳೂರಿನಲ್ಲಿ ಅದರ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.