ಎಂಟನೇ ದಿನದ ಕೂದಲು

ಅಕ್ಕನ ಮಗಳು ಬೆಳಿಗ್ಗೆ ಏಳೂವರೆಗೆ ಫೋನ್ ಮಾಡಿದಳು. ಸಾಮಾನ್ಯವಾಗಿ ಆ ಹೊತ್ತಿಗೆ ಅವಳಿಗೆ ಬೆಳಗೇ ಆಗಿರುವುದಿಲ್ಲ. "ಚಿಕ್ಕಮ್ಮ, ಎಲ್ಲ ವಾಪಸ್ ಬಂದ್ಬಿಟ್ಟಿದೆ. ಗದ್ದದ ತುಂಬಾ ಕಪ್ಪು ಕಪ್ಪು. ಅಷ್ಟು ದುಡ್ಡು ಸುರಿದದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

ಗದ್ದಕ್ಕೆ ಲೇಸರ್ ಮಾಡಿಸಿಕೊಂಡು ಅಂದಿಗೆ ಎಂಟನೇ ದಿನ. ಕನ್ನಡಿಯ ಮುಂದೆ ನಿಂತು ಚಿಮಟ ಕೈಗೆತ್ತಿಕೊಂಡಾಗಿತ್ತು. ಕೀಳುವ ಮುಂಚೆ ಒಂದು ಮಾತು ಕೇಳೋಣ ಅನ್ನಿಸಿತಂತೆ, ಪುಣ್ಯ. "ಚಿಮಟ ಕೆಳಗಿಡು. ಒದ್ದೆ ಬಟ್ಟೆ ತಗೊಂಡು ಮೆಲ್ಲಗೆ ಒರೆಸಿ ನೋಡು" ಅಂದೆ. ಸ್ವಲ್ಪ ಹೊತ್ತಿಗೆ ಫೋಟೊ ಬಂತು. ಬಿಳಿ ಟವೆಲಿನ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು.

ಅವು ಹೊಸ ಕೂದಲಲ್ಲ, ಬುಡ ಸುಟ್ಟುಹೋದ ಹಳೆಯ ಕೂದಲಿನ ತುಂಡುಗಳು. ಲೇಸರ್ ತಗುಲಿದ ಒಂದು ವಾರದಿಂದ ಮೂರು ವಾರದವರೆಗೆ ಚರ್ಮ ಇವನ್ನು ಒಂದೊಂದಾಗಿ ಹೊರಗೆ ತಳ್ಳುತ್ತದೆ. ನೋಡುವ ಕಣ್ಣಿಗೆ ಬೆಳೆಯುತ್ತಿರುವ ಹಾಗೆಯೇ ಕಾಣುತ್ತದೆ. ಮುಟ್ಟಿದರೆ ಚುಚ್ಚುತ್ತದೆ, ಒರೆಸಿದರೆ ಉದುರುತ್ತದೆ. ಚಿಕಿತ್ಸೆ ಸರಿಯಾಗಿ ಹಿಡಿದಿದೆ ಎನ್ನುವುದಕ್ಕೆ ಇದೇ ಗುರುತು. ದುಡ್ಡು ಕೊಟ್ಟವರು ಗಾಬರಿಬಿದ್ದು ಚಿಮಟ ಹಿಡಿಯುವುದೂ ಇದೇ ದಿನಗಳಲ್ಲಿ.

ಕ್ಲಿನಿಕ್ಕಿನಲ್ಲಿ ಅವಳ ಗದ್ದದ ಮೇಲೆ ಯಂತ್ರ ಆಡಿದ್ದು ಹತ್ತು ನಿಮಿಷ. ಬರುವಾಗ ಇಂಗ್ಲಿಷಿನಲ್ಲಿ ಅಚ್ಚು ಮಾಡಿದ ಒಂದು ಚೀಟಿ ಕೊಟ್ಟಿದ್ದರು. ಅದು ಬಿಲ್ಲಿನ ಜೊತೆ ಮಡಚಿಕೊಂಡು ಬ್ಯಾಗಿನ ತಳ ಸೇರಿತ್ತು. ಮುಂದಿನ ಸಿಟ್ಟಿಂಗ್ ತನಕದ ಐದು ವಾರ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಅದರಲ್ಲಿತ್ತು. ನನ್ನ ಪ್ರಕಾರ ಅವಳು ಕೊಟ್ಟ ದುಡ್ಡಿನಲ್ಲಿ ಅರ್ಧ ಬೆಲೆ ಆ ಚೀಟಿಯದ್ದು.

ಯಾಕೆ ಎನ್ನುವುದಕ್ಕೆ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕು. 1983ರಲ್ಲಿ ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬಿಬ್ಬರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ತತ್ವ ಮಂಡಿಸಿದರು. ಸರಿಯಾದ ಬಣ್ಣದ ಬೆಳಕನ್ನು ಸರಿಯಾದಷ್ಟೇ ಹೊತ್ತು ಹಾಯಿಸಿದರೆ, ಚರ್ಮದೊಳಗೆ ಬೇಕಾದ ಒಂದು ಗುರಿಯನ್ನು ಮಾತ್ರ ಕಾಯಿಸಿ ಅಕ್ಕಪಕ್ಕದ್ದನ್ನು ಉಳಿಸಬಹುದು ಎಂಬುದು ಅದರ ಸಾರ. ಕೂದಲಿನ ವಿಷಯದಲ್ಲಿ ಆ ಗುರಿ ಮೆಲನಿನ್, ಅಂದರೆ ಕಪ್ಪು ಬಣ್ಣ. ಬೆಳಕು ಮೆಲನಿನ್ನಿಗೆ ಹೊಕ್ಕು ಶಾಖವಾಗುತ್ತದೆ, ಶಾಖ ಬುಡಕ್ಕಿಳಿದು ಕೂದಲು ಹುಟ್ಟಿಸುವ ಜೀವಕೋಶಗಳನ್ನು ಸುಡುತ್ತದೆ. ಕೋಣೆಯಲ್ಲಿ ಕೋಳಿಯ ಪುಕ್ಕ ಸುಟ್ಟಂಥ ವಾಸನೆ ಬರುವುದು ಅದಕ್ಕೇ.

ಬಿಳಿಯ ಚರ್ಮ, ಕಪ್ಪು ಕೂದಲು ಇದ್ದವರಿಗೆ ಇದು ಸಲೀಸು. ನಮ್ಮ ಕಥೆ ಬೇರೆ. ಯಂತ್ರ ಹುಡುಕುವ ಕಪ್ಪು ನಮ್ಮ ಕೂದಲಿನಲ್ಲಿರುವಂತೆ ಚರ್ಮದಲ್ಲೂ ಇದೆ. 694 ನ್ಯಾನೊಮೀಟರ್ ಅಲೆಯುದ್ದದ ಹಳೆಯ ರೂಬಿ ಲೇಸರು ನಮ್ಮ ಮೈಬಣ್ಣಕ್ಕೆ ಆಗಿಬರುವಂಥದ್ದಾಗಿರಲಿಲ್ಲ. ಈಗ ಇಲ್ಲಿ ಹೆಚ್ಚಾಗಿ ಬಳಸುವ ಡಯೋಡ್ ಸುಮಾರು 810, ಎನ್‌ಡಿ ಯಾಗ್ 1064 ನ್ಯಾನೊಮೀಟರ್. ಅಲೆ ಉದ್ದವಾದಷ್ಟೂ ಬೆಳಕು ಮೇಲ್ಚರ್ಮವನ್ನು ಬಿಟ್ಟು ಆಳಕ್ಕಿಳಿಯುತ್ತದೆ. ಚರ್ಮದ ಬಣ್ಣಕ್ಕೆ ತಕ್ಕಂತೆ ಡಾಕ್ಟರುಗಳು ನೋಡುವ ಫಿಟ್ಜ್‌ಪ್ಯಾಟ್ರಿಕ್ ಅಳತೆಪಟ್ಟಿಯ ಕಥೆ ಇನ್ನೂ ಸ್ವಾರಸ್ಯದ್ದು. 1975ರಲ್ಲಿ ಅದನ್ನು ಮಾಡಿದಾಗ ಇದ್ದದ್ದು ನಾಲ್ಕೇ ದರ್ಜೆ, ನಾಲ್ಕೂ ಬಿಳಿಯರ ಚರ್ಮಕ್ಕೆ. ಕಂದು ಮತ್ತು ಕಪ್ಪು ಬಣ್ಣದವರಿಗಾಗಿ ಐದು, ಆರನೆಯ ದರ್ಜೆ ಸೇರಿದ್ದು ಆಮೇಲೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದರಲ್ಲಿ ಬರುತ್ತೇವೆ.

ಹೀಗಾಗಿ ಎಷ್ಟೇ ಒಳ್ಳೆಯ ಯಂತ್ರವಾದರೂ ನಮ್ಮ ಮೇಲ್ಚರ್ಮಕ್ಕೆ ಒಂದಿಷ್ಟು ಬಿಸಿ ತಟ್ಟಿಯೇ ತಟ್ಟುತ್ತದೆ. ಕಂದು ಚರ್ಮ ಕೆರಳಿದರೆ ಬಣ್ಣ ಸುರಿಸುತ್ತದೆ: ಮೊಡವೆ ಹೋದರೂ ಕಲೆ ಉಳಿಯುತ್ತದೆ, ಸೊಳ್ಳೆ ಕಚ್ಚಿದ್ದು ವಾಸಿಯಾದರೂ ಕಪ್ಪು ಚುಕ್ಕೆ ಉಳಿಯುತ್ತದೆ. ಲೇಸರ್ ಆದ ಮೇಲಿನ ಆರೈಕೆ ಪೂರ್ತಿ ಈ ಒಂದು ಸ್ವಭಾವವನ್ನು ಸಂಭಾಳಿಸುವ ಕೆಲಸ.

ಮೊದಲ ಎರಡು ದಿನ ಸುಲಭ. ಪ್ರತಿ ಕೂದಲ ಬುಡದ ಸುತ್ತ ಪುಟ್ಟ ಕೆಂಪು ಗಂಟು ಏಳುತ್ತದೆ, ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ. ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿಕೊಳ್ಳಬಹುದು, ನೇರವಾಗಿ ಉಜ್ಜಬಾರದು. ಸುವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಸಾಕು. ಬಿಸಿನೀರು, ಸ್ಟೀಮ್, ಜಿಮ್, ಈಜುಕೊಳ ಬೇಡ. ಕಂಕುಳಿಗೆ ಮಾಡಿಸಿದ್ದರೆ ಡಿಯೋಡರೆಂಟೂ ಬೇಡ, ಸಡಿಲವಾದ ಹತ್ತಿ ಬಟ್ಟೆ ಹಾಕಿಕೊಳ್ಳಿ. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಬೆವರು ಕಟ್ಟಿಕೊಂಡು ಕೂದಲ ಬುಡದಲ್ಲಿ ಕೀವುಗುಳ್ಳೆ ಏಳುವುದುಂಟು, ಅಲ್ಲಿ ಈ ಸೂಚನೆಗೆ ಬೆಲೆ ಜಾಸ್ತಿ.

ಬಿಸಿನೀರು ಬೇಡ ಎನ್ನುವುದು ಎಷ್ಟು ದೊಡ್ಡ ಮಾತು ಎಂದು ನಮಗೆ ಗೊತ್ತಾದದ್ದು ದೀಪಾವಳಿಯಲ್ಲಿ. ಹುಡುಗಿಯ ಮೂರನೇ ಸಿಟ್ಟಿಂಗ್ ಬಿದ್ದದ್ದು ನೀರು ತುಂಬುವ ಹಬ್ಬದ ದಿನವೇ. ಮಾರನೆಯ ಬೆಳಿಗ್ಗೆ ನರಕ ಚತುರ್ದಶಿ. ಅಕ್ಕ ಐದು ಗಂಟೆಗೇ ಎದ್ದು ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಾಳೆ, ಹಂಡೆಯಲ್ಲಿ ನೀರು ಮರಳುತ್ತಿದೆ. "ಹಬ್ಬದ ದಿನ ಎಣ್ಣೆ ಮುಟ್ಟಿಸದೆ ಬಿಡ್ತಾರೇನೇ?" ಕೊನೆಗೆ ರಾಜಿಯಾಯಿತು: ಎಣ್ಣೆ ನೆತ್ತಿಗಷ್ಟೇ, ಗದ್ದಕ್ಕೆ ಇಲ್ಲ, ನೀರು ಉಗುರುಬೆಚ್ಚಗೆ, ಸೀಗೆಪುಡಿ ಮುಖಕ್ಕೆ ತಾಗದ ಹಾಗೆ. ಅಕ್ಕನ ಮುಖ ಮಾತ್ರ ಮಧ್ಯಾಹ್ನ ಹೋಳಿಗೆ ಬಡಿಸುವವರೆಗೂ ಬಿಗಿದುಕೊಂಡೇ ಇತ್ತು.

ಮನೆಮದ್ದಿನ ವಿಷಯದಲ್ಲಿ ನನಗೂ ಮೊದಲು ಗೊಂದಲವಿತ್ತು. ಅರಿಶಿನ, ಕಡಲೆಹಿಟ್ಟು, ನಿಂಬೆರಸ ಇವಿಷ್ಟು ನಮ್ಮ ಮನೆಗಳ ಹಳೆಯ ಬ್ಯೂಟಿ ಪಾರ್ಲರು. ಆದರೆ ಹಸಿ ಬಿಸಿಯ ಚರ್ಮದ ಮೇಲೆ ಕಡಲೆಹಿಟ್ಟು ಉಜ್ಜಿದರೆ ಅದು ಮರಳಿನ ಕಾಗದ. ನಿಂಬೆಯದ್ದು ಇನ್ನೂ ಕೇಡು: ಅದರ ರಸದಲ್ಲಿರುವ ಕೆಲವು ಅಂಶಗಳು ಬಿಸಿಲಿನ ಜೊತೆ ಸೇರಿದರೆ ಚರ್ಮ ಸುಟ್ಟು ಗಾಢ ಕಲೆಯಾಗುತ್ತದೆ, ಲೇಸರ್ ಮಾಡಿಸದವರಿಗೂ ಆಗುತ್ತದೆ. ಮದುವೆ ಗೊತ್ತಾಗಿರುವ ಹುಡುಗಿಯರು ಅರಿಶಿನಶಾಸ್ತ್ರದ ವಾರದಲ್ಲೇ ಸಿಟ್ಟಿಂಗ್ ಇಟ್ಟುಕೊಳ್ಳುತ್ತಾರೆ, ಫೇಶಿಯಲ್ಲಿನ ಲೆಕ್ಕದಲ್ಲಿ. ಎರಡಕ್ಕೂ ನಡುವೆ ಕೆಲವು ವಾರ ಬಿಡುವಿರಲಿ. ಬ್ಲೀಚು, ರೆಟಿನಾಲ್ ಕ್ರೀಮು, ಆಸಿಡ್ ಬೆರೆತ ಸೀರಮ್ಮುಗಳಿಗೂ ಒಂದು ವಾರವಾದರೂ ರಜೆ ಕೊಡಬೇಕು.

ಇನ್ನು ಬಿಸಿಲು. ಬೆಂಗಳೂರು, ಮೈಸೂರಿನವರಿಗೆ ಒಂದು ಭ್ರಮೆಯಿದೆ, ತಂಪಾಗಿದ್ದರೆ ಬಿಸಿಲಿಲ್ಲ ಎಂದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಭೂಮಧ್ಯರೇಖೆಗೆ 13 ಡಿಗ್ರಿ ದೂರ. ಬೇಸಿಗೆಯ ನಡುಮಧ್ಯಾಹ್ನ ಇಲ್ಲಿನ ಯುವಿ ಸೂಚ್ಯಂಕ 10 ದಾಟುತ್ತದೆ. ಗಾಳಿ ತಣ್ಣಗೆ ಬೀಸುವುದರಿಂದ ಮೈಗೆ ತಿಳಿಯುವುದಿಲ್ಲ, ಅಷ್ಟೆ. ಮೋಡವಿದ್ದರೂ ಅತಿನೇರಳೆ ಕಿರಣ ಬರುತ್ತದೆ. ಬಿಎಂಟಿಸಿ ಬಸ್ಸಿನ ಗಾಜು ಮುಚ್ಚಿ ಕೂತರೂ ಆ ಕಿರಣಗಳಲ್ಲಿ ಒಂದು ಬಗೆ ಗಾಜು ತೂರಿ ಬರುತ್ತದೆ.

ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲಿನ ಸನ್‌ಸ್ಕ್ರೀನ್ ಎನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಎನ್ನುವುದು ಗೊತ್ತಿಲ್ಲ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಕ್ರೀಮು ಮುಖ, ಕುತ್ತಿಗೆಗೆ ಬೇಕು. ನಾವು ಹಚ್ಚುವುದು ದೇವರಿಗೆ ಗಂಧ ಇಟ್ಟಷ್ಟು. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ: ನಮ್ಮಂಥ ಕಂದು ಚರ್ಮ ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ, ಮೈಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಬೇಕು. ಸ್ಕೂಟರಿನವರಿಗೆ ಹೆಲ್ಮೆಟ್ಟಿನ ಪಟ್ಟಿ ಇನ್ನೊಂದು ಕಾಟ. ಅದು ಉಜ್ಜುವುದು ಸರಿಯಾಗಿ ಗದ್ದದ ಕೆಳಗೆ, ಲೇಸರ್ ಆದ ಜಾಗಕ್ಕೇ. ನಮ್ಮ ಹುಡುಗಿ ಒಂದು ಹಳೆಯ ಹತ್ತಿ ಕರ್ಚೀಫು ಸುತ್ತಿಕೊಂಡು ಆ ಸಮಸ್ಯೆ ಬಗೆಹರಿಸಿದಳು.

ಬೊಬ್ಬೆ ಎದ್ದರೆ, ಎರಡು ದಿನ ಕಳೆದರೂ ಉರಿ ಇಳಿಯದಿದ್ದರೆ, ಲೇಸರಿನ ತಲೆಯ ಆಕಾರದಲ್ಲೇ ಕಂದು ಅಚ್ಚು ಮೂಡಿದರೆ ಕೂಡಲೇ ಚರ್ಮವೈದ್ಯರ ಬಳಿ ಹೋಗಬೇಕು. ಬೊಬ್ಬೆ ಒಡೆಯಬಾರದು, ಹಕ್ಕಳೆ ಕೀಳಬಾರದು. ಇಲ್ಲೊಂದು ತಪ್ಪು ದಾರಿ ಇದೆ: ಮೆಡಿಕಲ್ ಸ್ಟೋರಿಗೆ ಹೋಗಿ "ಕಲೆಗೆ ಒಂದು ಟ್ಯೂಬ್ ಕೊಡಿ" ಎನ್ನುವುದು. ಕೈಗೆ ಬರುವುದು ಸಾಮಾನ್ಯವಾಗಿ ಸ್ಟೀರಾಯ್ಡ್ ಬೆರೆತ ಕ್ರೀಮು. ವಾರದಲ್ಲಿ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಮುಖದ ಮೇಲೆ ಇನ್ನಷ್ಟು ಕೂದಲೂ ಬರುತ್ತದೆ. ಕೂದಲು ಹೋಗಲೆಂದು ಹೊರಟು ಕೂದಲು ಕೊಂಡು ಬಂದ ಹಾಗೆ. ಇಂಥ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಮಾರುವುದು ನಿಂತಿಲ್ಲ. ಡಾಕ್ಟರು ಲೇಸರ್ ಆದ ದಿನ ಒಂದೆರಡು ದಿನಕ್ಕೆಂದು ಬರೆದುಕೊಡುವ ಸೌಮ್ಯ ಸ್ಟೀರಾಯ್ಡಿನ ಮಾತು ಬೇರೆ. ಮೊಡವೆಗೆ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಅವರಿಗೆ ಹೇಳಿ. ಬಿಸಿಲಿಗೆ ಚರ್ಮವನ್ನು ಸೂಕ್ಷ್ಮ ಮಾಡುವ ಗುಣ ಅದಕ್ಕಿದೆ.

ಎರಡು ಸಿಟ್ಟಿಂಗಿನ ನಡುವೆ ಥ್ರೆಡಿಂಗ್, ವ್ಯಾಕ್ಸಿಂಗ್, ಚಿಮಟ ಮೂರೂ ನಿಷಿದ್ಧ. ಬುಡಸಮೇತ ಕಿತ್ತರೆ ಲೇಸರಿಗೆ ಗುರಿಯೇ ಇರುವುದಿಲ್ಲ. ಎಲ್ಲ ಕೂದಲೂ ಒಂದೇ ಕಾಲಕ್ಕೆ ಬೆಳೆಯುವ ಹಂತದಲ್ಲಿರುವುದಿಲ್ಲ. ಮಲಗಿರುವುದು ಏಳುವುದನ್ನು ಕಾದು ಮುಖಕ್ಕೆ 4ರಿಂದ 6 ವಾರ, ಕೈಕಾಲಿಗೆ 6ರಿಂದ 8 ವಾರಕ್ಕೊಮ್ಮೆ ಕರೆಯುತ್ತಾರೆ. ಆರೆಂಟು ಸಿಟ್ಟಿಂಗ್ ಆಗುವುದು ಇದರಿಂದಲೇ. ಅಷ್ಟರವರೆಗೆ ಕಂಡ ಕೂದಲಿಗೆ ಏನು ಮಾಡುವುದು? ಬೋಳಿಸುವುದು.

ಈ ಮಾತಿಗೆ ಅಕ್ಕ ಹೌಹಾರಿದಳು. ಹೆಣ್ಣುಮಗಳ ಮುಖಕ್ಕೆ ರೇಜರ್! "ಗಡ್ಡ ದಪ್ಪಗೆ ಬರುತ್ತೆ" ಎನ್ನುವುದು ಅವಳೊಬ್ಬಳ ಹೆದರಿಕೆಯಲ್ಲ, ಊರಿಗೆಲ್ಲ ಇದೆ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಗಂಡಸರ ಗಡ್ಡವನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲು ದಪ್ಪವೂ ಆಗುವುದಿಲ್ಲ, ಬೇಗವೂ ಬೆಳೆಯುವುದಿಲ್ಲ ಎಂದು ತೋರಿಸಿದ್ದರು. ಸುಮಾರು ನೂರು ವರ್ಷವಾಯಿತು, ಸುದ್ದಿ ಇನ್ನೂ ನಮ್ಮ ಕೇರಿಗೆ ಬಂದಿಲ್ಲ.

ಆದರೆ ಅಕ್ಕನ ಹೆದರಿಕೆ ನಿಜವಾಗುವ ಒಂದು ಸಂದರ್ಭವಿದೆ, ರೇಜರಿನಿಂದಲ್ಲ, ಲೇಸರಿನಿಂದಲೇ. ಕೆಲವರಿಗೆ, ಅದರಲ್ಲೂ ಕಂದು ಬಣ್ಣದ ಹೆಣ್ಣುಮಕ್ಕಳಿಗೆ, ದವಡೆಯ ಅಂಚಿನಲ್ಲಿ, ಕುತ್ತಿಗೆಯಲ್ಲಿ ಮೊದಲು ನವಿರಾಗಿದ್ದ ರೋಮ ಚಿಕಿತ್ಸೆಯ ನಂತರ ಒರಟಾಗುತ್ತದೆ. ಸುಡುವಷ್ಟು ಸಾಲದ, ಕೆರಳಿಸುವಷ್ಟಾದ ಶಾಖ ಮಲಗಿದ್ದ ಬುಡವನ್ನು ಎಬ್ಬಿಸುತ್ತದೆಂದು ಊಹೆ. ಇದನ್ನು ಮೊದಲು ಕಾಣುವವರು ನೀವೇ, ಡಾಕ್ಟರಲ್ಲ. ಹಾಗಾಗಿ ಪ್ರತಿ ಸಿಟ್ಟಿಂಗಿಗೆ ಮುಂಚೆ ಒಂದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದಿಡುವುದು ಒಳ್ಳೆಯದು. ಯಾವ ಯಂತ್ರ, ಎಷ್ಟು ಜೂಲ್ ಶಕ್ತಿ ಎಂಬುದನ್ನೂ ಬರೆಸಿಕೊಳ್ಳಿ. ಊರು ಬದಲಾಯಿಸಿ ಬೇರೆ ಕ್ಲಿನಿಕ್ಕಿಗೆ ಹೋದಾಗ ಆ ಒಂದು ಸಾಲು ಬೇಕಾಗುತ್ತದೆ.

ಗದ್ದದ ಕೂದಲಿನ ಬಹುಪಾಲು ಕಥೆ ಚರ್ಮದಲ್ಲಿ ಮುಗಿಯುವುದೇ ಇಲ್ಲ. ನಾವು ಪಿಸಿಓಡಿ ಎಂದು ಕರೆಯುವ ತೊಂದರೆಯಲ್ಲಿ ಗಂಡುಹಾರ್ಮೋನು ಹೆಚ್ಚಿ ಹೊಸ ಹೊಸ ರೋಮವನ್ನು ದಪ್ಪ ಕೂದಲಾಗಿ ಮಾಡುತ್ತಲೇ ಇರುತ್ತದೆ. ಲೇಸರು ಇರುವುದನ್ನು ಸುಡುತ್ತದೆ, ಇನ್ನೂ ಬರಬೇಕಾದ್ದನ್ನು ತಡೆಯಲಾರದು. ಮುಟ್ಟು ತಪ್ಪುವುದು, ತೂಕ ಏರುವುದು, ಮೊಡವೆ ಇವು ಜೊತೆಗಿದ್ದರೆ ಸ್ತ್ರೀರೋಗ ತಜ್ಞರ ಅಥವಾ ಹಾರ್ಮೋನ್ ತಜ್ಞರ ಭೇಟಿಯೂ ಲೇಸರಿನ ನಂತರದ ಆರೈಕೆಯೇ. ಅವರು ಕೊಡುವ ಮಾತ್ರೆಯ ಪರಿಣಾಮ ಕೂದಲಿನಲ್ಲಿ ಕಾಣಲು ಆರು ತಿಂಗಳು ಹಿಡಿಯಬಹುದು. ಕೆಲವೇ ತಿಂಗಳಲ್ಲಿ ಕೂದಲು ದಿಢೀರನೆ ಹೆಚ್ಚಿ ಧ್ವನಿಯೂ ಗಡುಸಾದರೆ ಕಾಯದೆ ತೋರಿಸಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿರುವ ಮಾತೂ ಕೂದಲು 'ಶಾಶ್ವತವಾಗಿ ಕಡಿಮೆಯಾಗುತ್ತದೆ' ಎಂದಷ್ಟೇ. 'ಇನ್ನು ಜನ್ಮದಲ್ಲಿ ಬರಲ್ಲ' ಎನ್ನುವುದು ಜಾಹೀರಾತು ಬರೆಯುವವರು ಸೇರಿಸಿದ್ದು. ಆರೆಂಟು ಸಿಟ್ಟಿಂಗ್ ಆದ ಮೇಲೂ ವರ್ಷಕ್ಕೆ ಒಂದೆರಡು ಸಲ ಹೋಗಬೇಕಾಗಿ ಬಂದರೆ ಮೋಸಹೋದೆವು ಎಂದುಕೊಳ್ಳಬೇಕಿಲ್ಲ.

ಹುಡುಗಿಯದ್ದು ಆರು ಮುಗಿದಿದೆ. ಮೊನ್ನೆ ಅವಳು ಹೊರಟ ಮೇಲೆ ಅಕ್ಕ ಬಾಗಿಲು ಹಾಕಿ ಬಂದು, ತನ್ನ ಗದ್ದ ಸವರಿಕೊಳ್ಳುತ್ತಾ ಸಣ್ಣ ದನಿಯಲ್ಲಿ ಕೇಳಿದಳು: "ನನಗೂ ನಾಲ್ಕು ಕೂದಲಿದೆಯಲ್ಲ, ಬಿಳೀದು. ಅದಕ್ಕೂ ಆಗುತ್ತಾ?"

ಆಗುವುದಿಲ್ಲ ಅಂದೆ. ಬಿಳಿ ಕೂದಲಿನಲ್ಲಿ ಬಣ್ಣವೇ ಇಲ್ಲ, ಲೇಸರಿಗೆ ಅದು ಕಾಣುವುದೇ ಇಲ್ಲ. ಅದಕ್ಕೆ ಎಲೆಕ್ಟ್ರಾಲಿಸಿಸ್ ಎಂಬುದಿದೆ, ಒಂದೊಂದೇ ಬುಡಕ್ಕೆ ಸೂಜಿ ಇಳಿಸಿ ಕರೆಂಟು ಕೊಡುವುದು. 1875ರಲ್ಲಿ ಚಾರ್ಲ್ಸ್ ಮಿಷೆಲ್ ಎಂಬ ಅಮೆರಿಕದ ಕಣ್ಣಿನ ಡಾಕ್ಟರು ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಕೂದಲಿಗೆಂದು ಶುರುಮಾಡಿದ್ದು.

"ಸೂಜೀನಾ?" ಅಕ್ಕ ಎದ್ದು ಕನ್ನಡಕ, ಸಣ್ಣ ಕತ್ತರಿ ಹುಡುಕಿಕೊಂಡು ಕಿಟಕಿಯ ಹತ್ತಿರ ಹೋದಳು.