‘ಎಂ’ ಅಂದರೆ ತಿಂಗಳೋ, ಮೀಡಿಯಮ್ಮೋ?

ಡೊಂಬಿವಲಿಯ ಫಡ್ಕೆ ರೋಡಿನಲ್ಲೋ ಠಾಣೆಯ ಗೋಖಲೆ ರೋಡಿನಲ್ಲೋ ಎಳೆಮಗುವಿನ ಸಾಮಾನು ಮಾರುವ ಅಂಗಡಿಗೆ ಕಾಲಿಟ್ಟರೆ ಮೂರು ಭಾಷೆಗಳು ಒಟ್ಟಿಗೇ ಎದುರಾಗುತ್ತವೆ. ಹೊರಗಿನ ಬೋರ್ಡು ಮರಾಠಿ. 2022ರ ತಿದ್ದುಪಡಿಯ ನಂತರ ಮಹಾರಾಷ್ಟ್ರದಲ್ಲಿ ಸಣ್ಣ ಅಂಗಡಿಗೂ ಅದು ಕಡ್ಡಾಯ. ಕೌಂಟರಿನ ಮಾತು ಹಿಂದಿ. ಡಬ್ಬ, ಪ್ಯಾಕೆಟ್ಟು, ಟ್ಯಾಗುಗಳ ಮೇಲೆ ಅಚ್ಚಾಗಿರುವುದು ಹೆಚ್ಚುಕಡಿಮೆ ಎಲ್ಲ ಇಂಗ್ಲಿಷ್. ಮಗಳ ಬಾಣಂತನಕ್ಕೆಂದು ಉಡುಪಿಯಿಂದಲೋ ಕಲಬುರಗಿಯಿಂದಲೋ ಬಂದಿಳಿದ ಅಜ್ಜಿ, ಕನ್ನಡ ಮಾಧ್ಯಮದಲ್ಲಿ ಓದಿ ಮದುವೆಯಾಗಿ ಕಲ್ಯಾಣಕ್ಕೆ ಬಂದ ಸೊಸೆ, ರಾತ್ರಿಶಾಲೆಯಲ್ಲಿ ಕಲಿತು ನವಿ ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಅಪ್ಪ, ಇವರ್ಯಾರೂ ಮಾತಿಗೆ ಅಳುಕುವವರಲ್ಲ. ಅಂಗಡಿಯವನ ಹಿಂದಿಗೆ ಹಿಂದಿ, ಪಕ್ಕದ ಮನೆಯವರ ಮರಾಠಿಗೆ ಮರಾಠಿ ಹೇಗೋ ಹೊಂದಿಕೊಂಡುಬಿಡುತ್ತದೆ. ತೊಡಕಾಗುವುದು ಅಚ್ಚಾದ ಇಂಗ್ಲಿಷಿನಲ್ಲಿ. ಅದನ್ನು ಕಲಿಸುತ್ತೇವೆಂದು ಹೊರಡುವ ಪುಸ್ತಕಗಳು ಸಾಮಾನ್ಯವಾಗಿ ಕೊಡುವುದು ಒಂದು ಪಟ್ಟಿ: ಕ್ರೇಡಲ್ ಅಂದರೆ ತೊಟ್ಟಿಲು, ರ‍್ಯಾಟಲ್ ಅಂದರೆ ಗಿಲಕಿ, ಬಿಬ್ ಅಂದರೆ ಜೊಲ್ಲುಬಟ್ಟೆ. ಈ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಅಂಗಡಿಯಲ್ಲಿ ತಡವರಿಸುತ್ತಾರೆ. ತಪ್ಪು ಅವರದ್ದಲ್ಲ, ಪಟ್ಟಿಯದ್ದು. ಎಳೆಮಗುವಿನ ಸಾಮಾನಿನ ಇಂಗ್ಲಿಷಿನಲ್ಲಿ ಮೊದಲು ಕಲಿಯಬೇಕಾದದ್ದು ವಸ್ತುಗಳ ಹೆಸರುಗಳನ್ನಲ್ಲ. ಆ ವಸ್ತು ಯಾವ ವಯಸ್ಸಿಗೆ, ಎಷ್ಟು ತೂಕಕ್ಕೆ, ಎಷ್ಟು ಅಳತೆಗೆ ಎಂದು ಹೇಳುವ ಸಣ್ಣಪುಟ್ಟ ಮಾತುಗಳನ್ನು.

ಹೆಸರುಗಳನ್ನು ನಂಬಿ ಕೂತರೆ ಏನಾಗುತ್ತದೆ ನೋಡಿ. ಬ್ರಿಟನ್ನಿನವರಿಗೆ ಕಾಟ್ ಅಂದರೆ ಸುತ್ತ ಕಂಬಿಗಳಿರುವ ಮಗುವಿನ ಮಂಚ. ಅಮೆರಿಕದವರು ಅದನ್ನೇ ಕ್ರಿಬ್ ಅನ್ನುತ್ತಾರೆ, ಅವರ ಕಾಟ್ ಮಡಚಿಡುವ ಹಾಸಿಗೆ. ನಮ್ಮಲ್ಲಿ ಕಾಟ್ ಅಂದರೆ ದೊಡ್ಡವರು ಮಲಗುವ ಮಂಚ. ಇಂಗ್ಲಿಷಿಗೆ ಆ ಪದ ಹೋದದ್ದೇ ಹಿಂದಿಯ ಖಾಟ್‌ನಿಂದ. ಮಗು ಚೀಪುವ ರಬ್ಬರಿಗೆ ಬ್ರಿಟನ್ನಿನಲ್ಲಿ ಡಮ್ಮಿ, ಅಮೆರಿಕದಲ್ಲಿ ಪ್ಯಾಸಿಫೈಯರ್, ನಮ್ಮ ಅಂಗಡಿಗಳಲ್ಲಿ ಸೂದರ್. ಪುಸ್ತಕದಲ್ಲಿ ಓದಿದ ಡಮ್ಮಿಯನ್ನು ಕಲ್ಯಾಣದ ಪೇಟೆಯಲ್ಲಿ ಕೇಳಿದರೆ, ಷೋಕೇಸಿನಲ್ಲಿಡುವ ಖಾಲಿ ಪೆಟ್ಟಿಗೆ ಬೇಕೇನೋ ಅಂದುಕೊಂಡಾರು. ನ್ಯಾಪಿ ಮತ್ತು ಡೈಪರ್‌ಗಳ ಕಥೆ ಇನ್ನೂ ಸ್ವಾರಸ್ಯ. ಇಂಗ್ಲೆಂಡಿನಲ್ಲಿ ಒಂದು, ಅಮೆರಿಕದಲ್ಲಿ ಇನ್ನೊಂದು ಎಂದಷ್ಟೇ ಇದ್ದ ಭೇದವನ್ನು ನಮ್ಮ ಜನ ಕೆಲಸಕ್ಕೆ ಹಚ್ಚಿಕೊಂಡಿದ್ದಾರೆ: ಒಗೆದು ಒಣಗಿಸಿ ಮತ್ತೆ ಕಟ್ಟುವ ಬಟ್ಟೆ ನ್ಯಾಪಿ, ಎಸೆಯುವಂಥದ್ದು ಡೈಪರ್. ಯಾವ ನಿಘಂಟಿನಲ್ಲೂ ಈ ವಿಂಗಡಣೆ ಅಷ್ಟು ಖಚಿತವಾಗಿ ಸಿಗದು, ಅಂಗಡಿಯಲ್ಲಿ ಮಾತ್ರ ಸಲೀಸಾಗಿ ನಡೆಯುತ್ತದೆ. ಹಾಗಾಗಿ ‘ಸರಿಯಾದ’ ಇಂಗ್ಲಿಷ್ ಹೆಸರು ಯಾವುದೆಂಬ ಚಿಂತೆಯನ್ನು ಬಿಡುವುದೇ ಒಳ್ಳೆಯದು. ಕೈ ತೋರಿಸಿದರೂ ಸಾಮಾನು ಸಿಗುತ್ತದೆ.

ಕೈ ತೋರಿಸಿ ತಿಳಿಯಲಾಗದ್ದು ಬೇರೆಯದೇ ಇದೆ. ಒಂದೇ ಅಂಗಡಿಯಲ್ಲಿ ಅಂಗಿಯ ಟ್ಯಾಗಿನ ಮೇಲೆ ‘6–9 ಎಂ’ ಎಂದಿರುತ್ತದೆ, ಪಕ್ಕದ ಕಪಾಟಿನ ಡೈಪರ್ ಪ್ಯಾಕಿನ ಮೇಲೆ ದೊಡ್ಡದಾಗಿ ‘ಎಂ’ ಎಂದಿರುತ್ತದೆ. ಮೊದಲನೆಯ ಎಂ ತಿಂಗಳು, ಎರಡನೆಯದು ಮೀಡಿಯಂ. ಬಟ್ಟೆಗೆ ಲೆಕ್ಕ ವಯಸ್ಸಿನದು, ಡೈಪರಿಗೆ ತೂಕದ್ದು. ಮೀಡಿಯಂ ಅಂದರೆ ಹೆಚ್ಚಿನ ಕಂಪನಿಗಳಲ್ಲಿ 7ರಿಂದ 12 ಕಿಲೋ. ಇದು ತಪ್ಪಿದರೆ ಹೆಚ್ಚೆಂದರೆ ಹಾಸಿಗೆ ಒದ್ದೆಯಾದೀತು. ಹಾಲಿನ ಪುಡಿಯ ಡಬ್ಬದಲ್ಲಿ ಅಷ್ಟು ಸಲೀಸಿಲ್ಲ. ತಾಯಿಹಾಲಿಗೆ ಬದಲಿಯಾಗಿ ಮಾರುವ ಪುಡಿ, ಹಾಲೂಡಿಸುವ ಬಾಟಲಿ ಮತ್ತು ಶಿಶು ಆಹಾರವನ್ನು ನಿಯಂತ್ರಿಸಲು 1992ರಲ್ಲಿ ಕಾಯ್ದೆಯೊಂದು ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಈ ಸರಕಿನ ಜಾಹೀರಾತು ನಿಷಿದ್ಧ, ಹಾಲಿನ ಪುಡಿಯ ಡಬ್ಬದ ಮೇಲೆ ಮಗುವಿನದಾಗಲೀ ಹೆಂಗಸಿನದಾಗಲೀ ಚಿತ್ರ ಹಾಕುವಂತಿಲ್ಲ. ಗುಂಡುಗುಂಡಾದ ಮಗುವಿನ ಮುಖ ತೋರಿಸಿ ತಾಯಂದಿರನ್ನು ಮರುಳುಮಾಡುವುದನ್ನು ತಡೆಯಲು ಮಾಡಿದ ಒಳ್ಳೆಯ ಕಾನೂನು ಅದು. ಆದರೆ ಚಿತ್ರ ನೋಡಿ ಅಂದಾಜು ಮಾಡುತ್ತಿದ್ದವರಿಗೆ ಈಗ ಓದದೆ ಗತಿಯಿಲ್ಲ. ಸ್ಟೇಜ್ 1 ಎಂದಿರುವ ಇನ್‌ಫೆಂಟ್ ಫಾರ್ಮುಲಾ ಹುಟ್ಟಿನಿಂದ ಆರು ತಿಂಗಳವರೆಗೆ, ಸ್ಟೇಜ್ 2 ಎಂದಿರುವ ಫಾಲೋ ಅಪ್ ಫಾರ್ಮುಲಾ ಆರು ತಿಂಗಳು ತುಂಬಿದ ಮೇಲೆ. ಡಬ್ಬದ ಗಾತ್ರ, ಬಣ್ಣ ಹೆಚ್ಚುಕಡಿಮೆ ಒಂದೇ. ಒಳಗೆ ಸ್ಕೂಪ್ ಎಂಬ ಪುಟ್ಟ ಚಮಚ ಇರುತ್ತದೆ. ಲೇಬಲ್ ಕೇಳುವುದು ಲೆವೆಲ್ ಸ್ಕೂಪ್, ಅಂದರೆ ಬಾಯಿಮಟ್ಟಕ್ಕೆ ಸವರಿದ ಅಳತೆ. ಅನೇಕ ಪುಡಿಗಳಿಗೆ 30 ಮಿಲಿಲೀಟರ್ ನೀರಿಗೆ ಒಂದು. ಅಡುಗೆಮನೆಯಲ್ಲಿ ಗೋಪುರದಂತೆ ತುಂಬಿ ಕೊಡುವ ನಮ್ಮ ಉದಾರ ಅಭ್ಯಾಸ ಇಲ್ಲಿ ಹಾಲನ್ನು ಅತಿ ಗಟ್ಟಿ ಮಾಡುತ್ತದೆ, ಎಳೆಯ ಮೂತ್ರಪಿಂಡಗಳಿಗೆ ಅದು ಹೊರೆ. ಸ್ಕೂಪ್ ಎಂಬ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಲೆವೆಲ್ ಎಂಬುದು ಗೊತ್ತಿರಲೇಬೇಕು. ಪಟ್ಟಿಗಳಲ್ಲಿ ಇರುವುದು ಸ್ಕೂಪ್, ಇಲ್ಲದಿರುವುದು ಲೆವೆಲ್. ಜ್ವರದ ಔಷಧಿಯಲ್ಲೂ ಇದೇ ಪಾಠ. ಪ್ಯಾರಸಿಟಮಾಲ್ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಮದ್ದಿರುತ್ತದೆ. ಅದೇ ಮದ್ದಿನ ಸಿರಪ್ಪಿನಲ್ಲಿ ಸುಮಾರು 25. ಎರಡೂ ಬಣ್ಣದ ಸಿಹಿನೀರಿನಂತೆಯೇ ಕಾಣುತ್ತವೆ. ಡ್ರಾಪ್ಸ್ ಅನ್ನುವುದನ್ನು ‘ಹನಿ’ ಎಂದು ಕಲಿತು ಮುಂದೆ ಹೋದವರಿಗೆ, ಅದು ಸಿರಪ್ಪಿಗಿಂತ ನಾಲ್ಕು ಪಟ್ಟು ಗಟ್ಟಿ ಮದ್ದಿನ ಹೆಸರು ಎಂದು ಯಾರು ಹೇಳಬೇಕು?

ವಾಕರ್ ವಿಷಯದಲ್ಲಂತೂ ಹೆಸರೇ ಮೋಸ ಮಾಡುತ್ತದೆ. ಮಗು ಹಿಡಿದು ನಿಂತು ತಳ್ಳುವ ಮೂರು ಗಾಲಿಯ ಮರದ ಗಾಡಿ ನಮ್ಮ ಮನೆಗಳಲ್ಲಿ ಹಿಂದಿನಿಂದ ಇದ್ದದ್ದು. ಮರಾಠಿಯವರು ಪಾಂಗುಳಗಾಡಾ ಅನ್ನುತ್ತಾರೆ. ಅದಕ್ಕೂ ವಾಕರ್ ಎನ್ನುತ್ತಾರೆ, ನಡುವೆ ಮಗುವನ್ನು ಕೂರಿಸಿ ಬಿಡುವ ಗಾಲಿಗಳ ಪ್ಲಾಸ್ಟಿಕ್ ಚೌಕಟ್ಟಿಗೂ ವಾಕರ್ ಎನ್ನುತ್ತಾರೆ. ಕೆನಡಾ 2004ರಲ್ಲಿ ನಿಷೇಧಿಸಿದ್ದು ಈ ಎರಡನೆಯದನ್ನು. ಅದರಲ್ಲಿ ಕೂತ ಮಗು ಕ್ಷಣಮಾತ್ರದಲ್ಲಿ ಮೆಟ್ಟಿಲ ಅಂಚಿಗೋ ಬಿಸಿನೀರಿನ ಬಳಿಗೋ ತಲಪಿಬಿಡುತ್ತದೆ, ಬೇಗ ನಡೆಯಲು ಕಲಿಯುತ್ತದೆ ಎಂಬುದಕ್ಕಂತೂ ಆಧಾರವಿಲ್ಲ. ನಮ್ಮಲ್ಲಿ ಅದು ಇನ್ನೂ ಬಿಕರಿಯಾಗುತ್ತಿದೆ. ಇನ್ನು ಆಟಿಕೆಗಳ ಪೆಟ್ಟಿಗೆ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಅದರ ಜೊತೆ ಪೆಟ್ಟಿಗೆಯ ಮೂಲೆಯಲ್ಲಿ 36 ತಿಂಗಳೊಳಗಿನ ಮಕ್ಕಳಿಗೆ ಅಲ್ಲ ಎಂಬರ್ಥದ ಸಾಲೊಂದಿದ್ದರೆ, ಅದು ಆಟ ಕಷ್ಟ ಎಂದು ಹೇಳುತ್ತಿಲ್ಲ, ಸಣ್ಣ ಚೂರು ಗಂಟಲಲ್ಲಿ ಸಿಕ್ಕಿಕೊಂಡೀತು ಎನ್ನುತ್ತಿದೆ. ‘ನಮ್ಮ ಮಗು ಚುರುಕು, ಈಗಲೇ ಆಡುತ್ತದೆ’ ಎಂದು ಕೊಳ್ಳುವವರು ತಿಳಿಯದೆ ಹೋಗುವುದು ಇದನ್ನೇ. ಮಗುವನ್ನು ಹೊರಗೆ ಕರೆದೊಯ್ಯುವ ಸಾಮಾನಿನಲ್ಲೂ ಇದೇ ಕಥೆ. ಡೊಂಬಿವಲಿಯ ರಸ್ತೆಗಳಲ್ಲಿ ಸ್ಟ್ರೋಲರ್ ಎಂಬ ಮಗುವಿನ ಗಾಡಿ ತಳ್ಳಲು ಜಾಗವಿಲ್ಲ, ಲೋಕಲ್ ರೈಲಿಗೆ ಹತ್ತಿಸಲು ಅದಕ್ಕಿಂತಲೂ ಇಲ್ಲ. ಹೀಗಾಗಿ ಹೆಚ್ಚಿನ ಮನೆಗಳಲ್ಲಿ ಮಗುವಿನ ವಾಹನ ಅಂದರೆ ಸ್ಕೂಟರೇ. 2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮ, ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಸೇಫ್ಟಿ ಹಾರ್ನೆಸ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎನ್ನುತ್ತದೆ. ಹಾರ್ನೆಸ್ ಮಗುವನ್ನು ಸವಾರನಿಗೆ ಬಿಗಿಯುವ ಪಟ್ಟಿ. ಎತ್ತಿಕೊಂಡು ನಡೆಯಲೆಂದು ಮಾಡಿದ ಬೇಬಿ ಕ್ಯಾರಿಯರ್ ಅದಲ್ಲ, ಪಟ್ಟಿಗಳು ಎಷ್ಟೇ ಇದ್ದರೂ.

ಇಷ್ಟಕ್ಕೆಲ್ಲ ಫೋನಿನ ಕ್ಯಾಮೆರಾ ಸಾಲದೇ, ಎದುರು ಹಿಡಿದರೆ ಕನ್ನಡದಲ್ಲೇ ಹೇಳುತ್ತದಲ್ಲ ಎಂಬ ಮಾತು ಬರುತ್ತದೆ. ಸಾಲು ಸಾಲು ಓದಲು ಅದು ನಿಜಕ್ಕೂ ನೆರವು. ಅಜ್ಜಿಯ ಕೈಯಲ್ಲೂ ಇರಲಿ. ಆದರೆ ದುಂಡಗಿನ ಡಬ್ಬದ ಮೇಲೆ ಬಾಗಿದ ಸಣ್ಣಕ್ಷರಗಳಲ್ಲಿ ಅದು ಎಡವುತ್ತದೆ, ಒಂಟಿ ಪದ ಸಿಕ್ಕರಂತೂ ಕಾಟ್ ಅನ್ನು ಮಂಚವಾಗಿಸುತ್ತದೆ, ‘ಎಂ’ ಅನ್ನು ಎಂ ಆಗಿಯೇ ಬಿಡುತ್ತದೆ. ಯಾವುದನ್ನು ಹುಡುಕಿ ಓದಬೇಕು ಎಂದು ಗೊತ್ತಿದ್ದವರಿಗಷ್ಟೇ ಫೋನು ಪ್ರಯೋಜನ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಈ ಪದಗಳನ್ನು ಕಲಿಸುವುದೆಂದರೆ ಮಾರುಕಟ್ಟೆಯ ಆಸೆಗಳನ್ನೇ ಕಲಿಸಿದಂತೆ, ಹೆಸರು ತಿಳಿದ ಮೇಲೆ ಕೊಳ್ಳದೆ ಬಿಡುವವರುಂಟೇ? ಉಂಟು, ಮತ್ತು ಹೆಸರು ತಿಳಿದವರೇ ಹೆಚ್ಚು. ಸ್ವಾಡಲ್ ಎಂಬುದು ಮಗುವನ್ನು ಸುತ್ತುವ ಬಟ್ಟೆ ಅಷ್ಟೇ ಎಂದು ಗೊತ್ತಾದ ಅಜ್ಜಿ, ಮೆತ್ತಗಾದ ಹಳೆಯ ಹತ್ತಿ ಸೀರೆ ಹರಿದು ಸುತ್ತುವಾಗ ತಾನು ಏನನ್ನೋ ಕಡಿಮೆ ಮಾಡುತ್ತಿದ್ದೇನೆ ಅಂದುಕೊಳ್ಳುವುದಿಲ್ಲ. ಬರ್ಪ್ ಕ್ಲಾತ್ ಹೆಗಲ ಮೇಲಿನ ಟವಲ್ಲು ಎಂದು ತಿಳಿದವರು ಅದಕ್ಕೆ ಬೇರೆ ದುಡ್ಡು ಕೊಡಲಾರರು. ಅರ್ಥವಾಗದ ಹೆಸರಿನ ಮುಂದೆಯೇ ಜನ ಬೇಗ ಸೋಲುವುದು.

ಕನ್ನಡದ ಹೆಸರುಗಳು ಇದರಿಂದ ಅಳಿಯುತ್ತವೆ ಎಂಬ ಹೆದರಿಕೆಯನ್ನು ಮಾತ್ರ ನಾನು ಅಷ್ಟಾಗಿ ಒಪ್ಪುವುದಿಲ್ಲ. ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕುಂಚಿಗೆ ಮನೆಯಲ್ಲಿದ್ದರೆ ಅದನ್ನು ಯಾರೂ ಬಾನೆಟ್ ಎನ್ನುವುದಿಲ್ಲ. ಮರಾಠಿಯಲ್ಲೂ ಅದು ಕುಂಚಿಯೇ ಆದ್ದರಿಂದ ಡೊಂಬಿವಲಿಯ ನೆರೆಯವರೊಡನೆ ವಿವರಣೆಯೂ ಬೇಡ. ಹೆಸರು ಹೋಗುವುದು ವಸ್ತು ಹೋದಾಗ. ಅಂಗಡಿಯ ಇಂಗ್ಲಿಷಾದರೂ ನಮ್ಮಿಂದ ತೆಗೆದುಕೊಳ್ಳದೆ ಇಲ್ಲ: ಪುಣೆಯಲ್ಲಿ 2010ರಲ್ಲಿ ಶುರುವಾದ ಫಸ್ಟ್‌ಕ್ರೈ ಕಂಪನಿಯ ಇಂಗ್ಲಿಷ್ ಪಟ್ಟಿಯಲ್ಲಿ ರಾಂಪರ್, ಒನ್‌ಸೀ ಜೊತೆಗೆ ಜಬಲಾ ಕೂಡ ಕೂತಿದೆ. ಆಸ್ಪತ್ರೆಯ ಇಂಗ್ಲಿಷಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. ತಿಂಗಳು ತುಂಬುವ ಮೊದಲೇ ಹುಟ್ಟಿ, ಮೊಲೆ ಚೀಪಲು ಶಕ್ತಿ ಸಾಲದ ಶಿಶುಗಳಿಗೆ ಬಾಟಲಿ ಬೇಡ, ಪಲಡೈಯಲ್ಲಿ ಕುಡಿಸಿ ಎನ್ನುತ್ತಾರೆ ನಮ್ಮ ದೇಶದ ಶಿಶುವೈದ್ಯರು. ಬಾಟಲಿಯ ಮೂತಿ, ನಿಪ್ಪಲ್ಲುಗಳಲ್ಲಿ ಕೊಳೆ ಉಳಿಯುತ್ತದೆ, ಪಲಡೈಯನ್ನು ಕುದಿಸಿ ತೊಳೆಯುವುದು ಸುಲಭ. ತಮಿಳು, ಮಲಯಾಳಂಗಳ ಕಡೆಯಿಂದ ವೈದ್ಯಕೀಯ ಇಂಗ್ಲಿಷಿಗೆ ಹೋಗಿ ನಿಂತ ಪದ ಅದು. ಠಾಣೆಯ ಔಷಧಿ ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಕೇಳಬೇಕು. ವಸ್ತು ಮಾತ್ರ ನಮ್ಮ ಅಜ್ಜಿಯರು ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡು ಬಂದ, ಒಂದು ಬದಿಗೆ ಉದ್ದ ಕೊಕ್ಕಿರುವ ಬೆಳ್ಳಿಯ ಒಳಲೆ. ತುಟಿಯಂಚಿಗೆ ಕೊಕ್ಕು ತಾಗಿಸಿ, ಮಗು ನುಂಗುವವರೆಗೆ ಕಾದು, ಮತ್ತೆ ಒಂದಿಷ್ಟು ವಾಲಿಸುವುದು ಹೇಗೆಂದು ಅವರಿಗೆ ನರ್ಸ್ ಹೇಳಿಕೊಡಬೇಕಾಗಿಲ್ಲ. ಎಷ್ಟು ಮಿಲಿಲೀಟರ್, ಎಷ್ಟು ಗಂಟೆಗೊಮ್ಮೆ ಎಂಬುದನ್ನು ಚೀಟಿಯಿಂದ ಓದಿ ಹೇಳಿದರೆ ಸಾಕು.